ಎರೆಯಿಂದ ಕೆಂಪುಮಣ್ಣಿಗೆ

ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದು ಸುಮಾರು 35 ಕಿ.ಮೀ. ಹೋದರೆ ಕಮಲಾಪುರ. ಬ್ಯಾಂಕಿನ ನೌಕರಿಯಲ್ಲಿದ್ದಾಗ ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದೆನೋ ಲೆಕ್ಕವಿಟ್ಟಿಲ್ಲ. ಜನರ ಲೆಕ್ಕ ಬರೆಯುವುದರಲ್ಲೇ ಆಯುಷ್ಯ ಹೋಯಿತು. ಕಳೆದ ಬೇಸಿಗೆಯಲ್ಲಿ ಮೊಮ್ಮಗಳ ಜೊತೆ ಬಸ್ಸಿನಲ್ಲಿ ಹೋದಾಗ ಕಿಟಕಿಯಾಚೆಯ ಮಣ್ಣನ್ನೇ ನೋಡುತ್ತ ಕುಳಿತೆ.

ಊರು ದಾಟಿದರೆ ಎರೆಹೊಲ. ಕೈ ತೂರಿಸುವಷ್ಟು ಅಗಲ ಬಿರುಕು ಬಿಟ್ಟಿತ್ತು.

"ಮುತ್ಯಾ, ನಮ್ಮ ಓಣ್ಯಾಗ ನೀರಿನ ಪೈಪು ಯಾಕ ಮತ್ತ ಮತ್ತ ಒಡೀತದ?"

ಆ ವಾರ ನಾಲ್ಕು ದಿನ ನಳ ಬಂದಿರಲಿಲ್ಲ. ಎಪ್ಪತ್ತು ದಾಟಿದ ಆಯಿಯರೂ ದೂರದ ಬೋರಿನಿಂದ ಕೊಡ ಹೊತ್ತಿದ್ದರು. ಅವಳ ಪ್ರಶ್ನೆಗೆ ಉತ್ತರ ಆ ಬಿರುಕಿನಲ್ಲೇ ಇತ್ತು.

ಎರೆಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಇದೆ. ಅದರ ಕಣಗಳು ಪುಸ್ತಕದ ಹಾಳೆಗಳಂತೆ ಪದರ ಪದರ. ನಡುವೆ ನೀರು ಹೊಕ್ಕರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಸರಡಗಿ ಬಳಿಯ ಭೀಮೆಯಿಂದ, ಬೆಣ್ಣೆತೊರೆಯಿಂದ ನಗರಕ್ಕೆ ಬರುವ ನೀರು ಇಂಥ ನೆಲದೊಳಗೇ ಹಾದು ಬರಬೇಕು. ಪೈಪಿನ ಒಂದು ತುದಿ ಎದ್ದು ಇನ್ನೊಂದು ಕುಸಿದರೆ ಜೋಡಣೆ ಬಿಡುತ್ತದೆ. ಸೋರಿದ ನೀರು ಸುತ್ತಲಿನ ಮಣ್ಣನ್ನು ಇನ್ನಷ್ಟು ಉಬ್ಬಿಸುತ್ತದೆ, ಮೇಲಿನ ಡಾಂಬರು ಎದ್ದು ಸೀಳುತ್ತದೆ. ಆಮೇಲೆ ರಸ್ತೆಯವರು ಪೈಪಿನವರನ್ನು ಬೈಯುವುದು, ಪೈಪಿನವರು ರಸ್ತೆಯವರನ್ನು ಬೈಯುವುದು ನಡೆದೇ ಇದೆ.

ಉಪಾಯವಿಲ್ಲವೆಂದಲ್ಲ. ಮಲಪ್ರಭಾ ಕಾಲುವೆಗೂ ಇದೇ ಎರೆಯ ಕಾಟವಿತ್ತು. ಉಬ್ಬದ ಮಣ್ಣನ್ನು ಸುಮಾರು ಒಂದು ಮೀಟರ್ ದಪ್ಪ ಹಾಸಿ, ಗಟ್ಟಿಯಾಗಿ ಬಡಿದರೆ ಅಡಿಯ ಎರೆ ತಣ್ಣಗಿರುತ್ತದೆ ಎಂದು ಮುಂಬೈ ಐಐಟಿಯ ಪ್ರೊ. ಆರ್.ಕೆ. ಕಟ್ಟಿ ತೋರಿಸಿದರು. ರಸ್ತೆಗಾದರೆ ಎರೆಗೆ ಸುಣ್ಣ ಬೆರೆಸುವುದೂ ಉಂಟು. ನೆಲದೊಡನೆ ಬಾಗುವ ಪಾಲಿಥೀನ್ ಪೈಪೂ ಇದೆ. ಆದರೆ ಹೂಳಿದ್ದು ಕಣ್ಣಿಗೆ ಕಾಣುವುದಿಲ್ಲ ನೋಡಿ, ಕಂಜೂಸಿ ಮೊದಲು ಅಲ್ಲೇ ಶುರುವಾಗುತ್ತದೆ!

ಕಮಲಾಪುರ ಬಂದಂತೆ ಮಣ್ಣು ಕೆಂಪಾಯಿತು. ಜಿಐ ಮಾನ್ಯತೆ ಪಡೆದ ಕೆಂಪು ಬಾಳೆ ಬೆಳೆಯುವುದು ಇಲ್ಲೇ. ಸೋಜಿಗವೆಂದರೆ ಕರಿ, ಕೆಂಪು ಎರಡೂ ಮಣ್ಣಿಗೆ ತಾಯಿ ಒಂದೇ: ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣಿದು ಆದ ಕರಿಕಲ್ಲು. ತಗ್ಗಿನಲ್ಲಿ ನೀರು ನಿಂತಲ್ಲಿ ಎರೆಯಾಯಿತು. ದಿಬ್ಬದಲ್ಲಿ ನೀರು ಇಳಿದುಹೋಗಿ ಕಬ್ಬಿಣದ ಅಂಶ ಉಳಿದಲ್ಲಿ ಕೆಂಪಾಯಿತು. 2017ರಲ್ಲಿ ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲು ಮಾರ್ಗಕ್ಕೆ ಇಲ್ಲಿನ ಮರಗುತ್ತಿ ಬಳಿ ಗುಡ್ಡ ಕೊರೆದು ಸುರಂಗವನ್ನೇ ಮಾಡಬೇಕಾಯಿತು.

ಮೊಮ್ಮಗಳು ಎರಡೂ ಮಣ್ಣನ್ನು ಚೀಲದಲ್ಲಿ ತುಂಬಿಕೊಂಡಳು. ಮಣ್ಣು ಎಷ್ಟು ಉಬ್ಬುತ್ತದೆಂದು ಅಳೆಯಲು ಎಂಜಿನಿಯರರು ಅದನ್ನು ನೀರಿನಲ್ಲೊಮ್ಮೆ, ಸೀಮೆಎಣ್ಣೆಯಲ್ಲೊಮ್ಮೆ ಹಾಕಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಎರೆ ಉಬ್ಬುವುದಿಲ್ಲ. ನಾವು ನೀರಿನಲ್ಲಷ್ಟೇ ಮಾಡಿದೆವು. ಎರಡು ಗಾಜಿನ ಲೋಟಗಳಲ್ಲಿ ಪುಡಿಮಣ್ಣನ್ನು ಒಂದೇ ಮಟ್ಟಕ್ಕೆ ತುಂಬಿ, ಗೆರೆ ಎಳೆದು, ನೀರು ಸುರಿದೆವು. ಮರುದಿನ ನೋಡಿದರೆ ಕೆಂಪು ಗೆರೆಯ ಹತ್ತಿರವೇ ಇತ್ತು. ಎರೆ ಗೆರೆ ದಾಟಿ ಒಂದು ಬೆರಳು ಮೇಲಕ್ಕೆ ಬಂದಿತ್ತು.