ನಾಲ್ಕು ಮೆಣಸಿನಕಾಯಿಯ ಲೆಕ್ಕ

ಸಭೆಯೆಂದರೆ ಹಾವೇರಿಯವರಿಗೆ ಹೊಸತಲ್ಲ. ಏಲಕ್ಕಿ ಹಾರಕ್ಕೆ ಹೆಸರಾದ ಊರು. ಹಾರವಿದ್ದ ಮೇಲೆ ಕೊರಳು ಬೇಕು, ಕೊರಳಿದ್ದ ಮೇಲೆ ವೇದಿಕೆಯೂ ಬೇಕು. 2023ರ ಜನವರಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ 86ನೆಯ ಅಧಿವೇಶನ ನೆರೆದದ್ದೂ ಇಲ್ಲಿಯೇ. ಆದರೆ ಗಣಿತ ದಿನಕ್ಕೆ ಸಮೀಪದ ಒಂದು ಭಾನುವಾರ, ಅದೇ ಊರಿನ ಕಾಲೇಜೊಂದರ ಕೋಣೆಯಲ್ಲಿ ಕೂಡಿದ ಪುಟ್ಟ ಸಮ್ಮೇಳನಕ್ಕೆ ಹಾರವೂ ಇರಲಿಲ್ಲ, ಮುಖ್ಯ ಅತಿಥಿಯೂ ಇರಲಿಲ್ಲ. ಇದ್ದದ್ದು ಒಂದು ಕರಿಹಲಗೆ, ಒಂದು ಡಬ್ಬಿ ಸೀಮೆಸುಣ್ಣ, ಮತ್ತು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಿಂದ ಬಂದ ನಾಲ್ವತ್ತು ಮಂದಿ ಬಿ.ಎಸ್‌ಸಿ. ವಿದ್ಯಾರ್ಥಿಗಳು.

ಶ್ರೀನಿವಾಸ ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು. 2012ರಿಂದ ಆ ದಿನ ರಾಷ್ಟ್ರೀಯ ಗಣಿತ ದಿನವಾಗಿದೆ. ಅಂದು ಕಾಲೇಜುಗಳಲ್ಲಿ ಭಾವಚಿತ್ರಕ್ಕೆ ಹೂವೇರುತ್ತದೆ, ಅಂಗಳದಲ್ಲಿ ರಂಗವಲ್ಲಿ ಅರಳುತ್ತದೆ, 1729 ಎಂಬ ಟ್ಯಾಕ್ಸಿಯ ಸಂಖ್ಯೆಯ ಕಥೆಯನ್ನು ಹಿರಿಯರೊಬ್ಬರು ಮತ್ತೊಮ್ಮೆ ಹೇಳುತ್ತಾರೆ, ಕಡೆಗೆ ವಂದನಾರ್ಪಣೆ. ಗಣಿತವೊಂದನ್ನು ಬಿಟ್ಟು ಉಳಿದೆಲ್ಲವೂ ಸಾಂಗವಾಗಿ ನಡೆಯುತ್ತದೆ. ಇದನ್ನು ಮೂರು ವರ್ಷ ಕಂಡ ಹುಡುಗರಿಗೆ, ತಾವೇ ಒಂದು ಗೋಷ್ಠಿ ನಡೆಸಿದರೆ ಹೇಗೆಂಬ ಯೋಚನೆ ಹುಟ್ಟಿತು. ತಲೆಗೆ ಐವತ್ತು ರೂಪಾಯಿ ಕೂಡಿಸಿದರು. ಮಧ್ಯಾಹ್ನಕ್ಕೆ ಚಿತ್ರಾನ್ನವನ್ನು ಗೊತ್ತುಮಾಡಿದರು. ನಿಯಮಗಳು ಮೂರೇ. ಮಾತಾಡುವವರು ವಿದ್ಯಾರ್ಥಿಗಳೇ ಆಗಿರಬೇಕು. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಅಧ್ಯಾಪಕರು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಬಹುದು, ಆದರೆ ಕೇಳದ ಹೊರತು ಉತ್ತರ ಹೇಳಕೂಡದು. ಮೂರನೆಯದನ್ನು ಪಾಲಿಸುವುದು ಆ ಮಹನೀಯರಿಗೆ ಎಷ್ಟು ಕಷ್ಟವಾಯಿತೆಂಬುದನ್ನು ಅವರ ಮುಖಗಳೇ ಹೇಳುತ್ತಿದ್ದವು.

ಮೂರನೆಯ ಸರದಿ ಬ್ಯಾಡಗಿಯ ಹುಡುಗಿಯದು. ತಂದೆ ಅಲ್ಲಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲ. ತಾಯಿ ದಿನಗೂಲಿಗೆ ಕಾಯಿಯ ತೊಟ್ಟು ಬಿಡಿಸುವವಳು. ಮುಂದೆ ಧಾರವಾಡಕ್ಕೆ ಹೋಗಿ ಎಂ.ಎಸ್‌ಸಿ. ಓದಬೇಕೆಂಬುದು ಹುಡುಗಿಯ ಆಸೆ. ಓದಿದ್ದು ಸಾಕು, ಇನ್ನು ಮನೆಯ ಬಗೆ ನೋಡಬೇಕೆಂಬುದು ತಂದೆಯ ಮಾತು. ಆ ದಿನ ಬೆಳಗ್ಗೆ ಹೊರಡುವಾಗ ತಾಯಿಯೂ ಕೇಳಿದ್ದಳು: “ಲೆಕ್ಕಾ ಮಾಡಾಕ ಹಾವೇರಿತನಕ ಹೋಗಬೇಕೇನವಾ? ಇಲ್ಲಿ ದಲಾಲರು ದಿನಾ ಮಾಡತಾರಲ್ಲ!” ಹುಡುಗಿ ಉತ್ತರ ಕೊಡಲಿಲ್ಲ. ಒಂದು ಹಿಡಿ ಮೆಣಸಿನಕಾಯಿಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟಳು.

ಹಲಗೆಯ ಮುಂದೆ ನಿಂತು ಅವಳು ಇಂಗ್ಲಿಷಿನಲ್ಲಿ ಆರಂಭಿಸಿದಳು. ಬಾಯಿಪಾಠ ಮಾಡಿದ ನಾಲ್ಕು ವಾಕ್ಯ ಮುಗಿಯಿತು, ಐದನೆಯದು ಬರಲಿಲ್ಲ. ಕೋಣೆ ನಿಶ್ಶಬ್ದವಾಯಿತು. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದಿಟ್ಟ ನಾಡು ಇದು, ಆದರೂ ಕಾಲೇಜಿನ ಕೋಣೆಯಲ್ಲಿ ಕನ್ನಡದಲ್ಲಿ ಗಣಿತ ಹೇಳುವುದಕ್ಕೆ ಎಷ್ಟು ಅಂಜಿಕೆ! ಮುಂದಿನ ಬೆಂಚಿನಿಂದ ಗೆಳತಿಯೊಬ್ಬಳು ಮೆಲ್ಲನೆ, “ಕಾಯಿ ತೆಗಿ” ಎಂದಳು. ಹುಡುಗಿ ಪೊಟ್ಟಣ ಬಿಚ್ಚಿ, ಸುಕ್ಕುಗಟ್ಟಿದ ನಾಲ್ಕು ಕೆಂಪು ಕಾಯಿಗಳನ್ನು ಮೇಜಿನ ಮೇಲಿಟ್ಟು, ಕನ್ನಡದಲ್ಲಿ ಕೇಳಿದಳು: “ಇವನ್ನು ಎಷ್ಟು ಬಗೆಯಾಗಿ ಗುಂಪು ಮಾಡಬಹುದು?”

ನಾಲ್ಕೂ ಒಂದೇ ಗುಂಪು; ಮೂರು ಮತ್ತು ಒಂದು; ಎರಡು ಮತ್ತು ಎರಡು; ಎರಡು, ಒಂದು, ಒಂದು; ನಾಲ್ಕೂ ಬಿಡಿಬಿಡಿ. ಒಟ್ಟು ಐದು ಬಗೆ. ಒಂಬತ್ತು ಕಾಯಿಗಳಾದರೆ 30 ಬಗೆ, ಹದಿನಾಲ್ಕಾದರೆ 135. ನಾಲ್ಕರಿಂದ ತೊಡಗಿ ಐದೈದು ಕೂಡಿಸುತ್ತ ಹೋದರೆ ಬಗೆಗಳ ಸಂಖ್ಯೆ ಎಂದೆಂದಿಗೂ 5ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಇದನ್ನು ರಾಮಾನುಜನ್ 1919ರಲ್ಲಿ ಪ್ರಕಟಿಸಿದರು. ಹಾಗಾದರೆ ಆ ಬಗೆಗಳನ್ನೆಲ್ಲ ಐದು ಸಮನಾದ ಪಾಲುಗಳಾಗಿ ಹಂಚುವ ಉಪಾಯವೊಂದಿರಬೇಕಲ್ಲವೆ? ಇದೆ ಎಂದು ಹುಡುಗಿ ವಿವರಿಸಿದಳು. ದೊಡ್ಡ ಗುಂಪಿನಲ್ಲಿ ಎಷ್ಟು ಕಾಯಿಗಳಿವೆಯೋ ಅದರಿಂದ ಗುಂಪುಗಳ ಸಂಖ್ಯೆಯನ್ನು ಕಳೆಯಬೇಕು. ಬಂದದ್ದಕ್ಕೆ ‘ರ‍್ಯಾಂಕ್’ ಎಂದು ಹೆಸರು. ತಂದೆತಾಯಿಗಳ ನಿದ್ದೆ ಕೆಡಿಸುವ ರ‍್ಯಾಂಕ್ ಅಲ್ಲ ಇದು ಎಂದಾಗ ಕೋಣೆಯಲ್ಲಿ ನಗೆಯೆದ್ದಿತು.

ಐದು ಬಗೆಗಳಿಗೆ ಬಂದ ರ‍್ಯಾಂಕುಗಳು 3, 1, 0, ಋಣ 1, ಋಣ 3. ಇವನ್ನು 5ರಿಂದ ಭಾಗಿಸಿ ಶೇಷ ಬರೆಯುವಾಗ ಅವಳು ತಪ್ಪಿದಳು. ಋಣ 3ರ ಶೇಷವೂ 3 ಎಂದು ಬರೆದುಬಿಟ್ಟಳು. ಎರಡು ಪಾಲುಗಳು ಒಂದೇ ಆದವು, ಕಟ್ಟಿದ್ದೆಲ್ಲ ಕುಸಿಯಿತು. ಹಿಂದಿನ ಬೆಂಚಿನಲ್ಲಿ ಅಧ್ಯಾಪಕರೊಬ್ಬರು ಅರ್ಧ ಎದ್ದು, ನಿಯಮ ನೆನಪಾಗಿ ಮತ್ತೆ ಕುಳಿತರು. ಎದ್ದವನು ರಾಣೆಬೆನ್ನೂರಿನ ಮೊದಲ ವರ್ಷದ ಹುಡುಗ. “ಅಕ್ಕಾರ, ಋಣ ಇದ್ದರ ಐದು ಕೂಡಸಬೇಕಲ್ಲರಿ? ಋಣ ಮೂರಕ್ಕ ಐದು ಕೂಡಸಿದರ ಎರಡು ಬರತೈತಿ.” ಅವಳು ಒಂದು ಗಳಿಗೆ ಹಲಗೆಯನ್ನು ನೋಡಿದಳು. “ಹೌದು, ನಾ ತಪ್ಪಿದೆ” ಎಂದು ಅಳಿಸಿ ಬರೆದಳು. 3, 1, 0, 4, 2. ಐದೂ ಬೇರೆ ಬೇರೆ!

ಹುಡುಗ ಕುಳಿತುಕೊಳ್ಳಲಿಲ್ಲ. “ಆರು ಕಾಯಿಗೆ ಹನ್ನೊಂದು ಬಗೆ. ಅಲ್ಲೂ ಇದು ನಡಿತೈತೇನರಿ?” ಎಂದ. “ನೀವೇ ಮಾಡಿ ನೋಡಿರಿ” ಎಂದಳು ಹುಡುಗಿ. ನಾಲ್ವತ್ತು ತಲೆಗಳು ನೋಟುಪುಸ್ತಕಗಳ ಮೇಲೆ ಬಾಗಿದವು. ಸ್ವಲ್ಪ ಹೊತ್ತಿಗೆ ಒಂದು ಮೂಲೆಯಿಂದ ದನಿ ಬಂತು: “ಮೂರು-ಮೂರು ಮಾಡಿದರೂ 1, ನಾಲ್ಕು-ಒಂದು-ಒಂದು ಮಾಡಿದರೂ 1. ಕೂಡುವುದಿಲ್ಲ!” ಹಾಗಾದರೆ ಈ ಉಪಾಯವೇ ಸುಳ್ಳೆ?

ಆಗ ಅವಳು ಕಥೆ ಹೇಳಿದಳು. ಕೇಂಬ್ರಿಜ್ಜಿನ ವಿದ್ಯಾರ್ಥಿಗಳು 1935ರಲ್ಲಿ ‘ಆರ್ಕಿಮೀಡಿಯನ್ಸ್’ ಎಂಬ ಸಂಘ ಕಟ್ಟಿಕೊಂಡು, 1939ರಿಂದ ‘ಯುರೇಕಾ’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಯುದ್ಧದ ನಡುವೆ, 1944ರಲ್ಲಿ, ಇಪ್ಪತ್ತರ ತರುಣ ಫ್ರೀಮನ್ ಡೈಸನ್ ಈ ರ‍್ಯಾಂಕಿನ ವಿಷಯವನ್ನು ಬರೆದದ್ದು ಆ ಪತ್ರಿಕೆಯಲ್ಲಿ. 5ಕ್ಕೂ 7ಕ್ಕೂ ಇದು ಸಲ್ಲುತ್ತದೆಂದು ಅವನು ಊಹಿಸಿದ, ಸಾಧಿಸಲಾರೆನೆಂದು ಒಪ್ಪಿಕೊಂಡ. 11ಕ್ಕೆ ಸಲ್ಲದೆಂಬುದನ್ನೂ ಮರೆಮಾಚಲಿಲ್ಲ. ಅಲ್ಲಿ ಬೇರೊಂದು ಅಳತೆ ಇದ್ದೇ ಇರಬೇಕೆಂದು, ಕಾಣದ ಅದಕ್ಕೆ ‘ಕ್ರ್ಯಾಂಕ್’ ಎಂದು ಹೆಸರನ್ನೂ ಇಟ್ಟ. ಊಹೆಯನ್ನು 1954ರಲ್ಲಿ ಆಟ್ಕಿನ್ ಮತ್ತು ಸ್ವಿನರ್ಟನ್-ಡೈಯರ್ ಸಾಧಿಸಿದರು. ಕ್ರ್ಯಾಂಕನ್ನು ಆಂಡ್ರೂಸ್ ಮತ್ತು ಗಾರ್ವನ್ ಜಗತ್ತಿನ ಮುಂದಿಟ್ಟದ್ದು 1988ರಲ್ಲಿ. ಹುಟ್ಟುವ ಮೊದಲೇ ನಾಮಕರಣವಾದ ಕೂಸು ನಾಲ್ವತ್ತನಾಲ್ಕು ವರ್ಷಗಳ ಮೇಲೆ ಬೆಳಕು ಕಂಡಿತು.

“ಆ ಕ್ರ್ಯಾಂಕ್ ಹೆಂಗ ಮಾಡತಾರರಿ?” ಎಂದು ಹುಡುಗ ಮತ್ತೆ ಕೇಳಿದ. “ಅದು ನನಗಿನ್ನೂ ತಿಳಿದಿಲ್ಲ” ಎಂದಳು ಹುಡುಗಿ. ನಾಲ್ವತ್ತು ಜನರೆದುರು ತಲೆ ತಗ್ಗಿಸದೆ ಹೇಳಿದ ಮಾತು ಅದು. ಪರೀಕ್ಷೆಯ ಕೋಣೆಯಲ್ಲಿ ಆ ಮಾತಿಗೆ ಸೊನ್ನೆ ಅಂಕ. ವಿದ್ಯೆಗಾದರೋ ಅದೇ ಹೊಸ್ತಿಲು. ದೊಡ್ಡವರು ವೇದಿಕೆಯ ಮೇಲಿದ್ದರೆ ಕಿರಿಯರು ಆ ಹೊಸ್ತಿಲನ್ನು ತುಳಿಯಲು ಅಂಜುತ್ತಾರೆ. ತಪ್ಪನ್ನು ತಿದ್ದಿದವನು ತನಗಿಂತ ಎರಡು ವರ್ಷ ಕಿರಿಯನಾದಾಗ ಆ ಅಂಜಿಕೆಗೆ ಎಡೆಯೆಲ್ಲಿ? ಹುಡುಗರ ಸಭೆಯನ್ನು ಹುಡುಗರೇ ನಡೆಸುವುದರ ಲಾಭ ಇಷ್ಟೇ; ಆದರೆ ಇದು ಸಣ್ಣ ಲಾಭವಲ್ಲ.

ಸಂಜೆ ಅವಳು ಮನೆ ಸೇರಿದಾಗ ತಾಯಿ ದೀಪದ ಕೆಳಗೆ ಅಕ್ಕಿ ಆರಿಸುತ್ತಿದ್ದಳು. ಧಾರವಾಡದ ಮಾತನ್ನು ಅಂದು ಯಾರೂ ಎತ್ತಲಿಲ್ಲ. “ಏನ ಲೆಕ್ಕಾ ಮಾಡಿದ್ರಿ?” ಎಂದು ತಾಯಿ ಕೇಳಿದಳು. ಮಗಳು ಪೊಟ್ಟಣದ ಕಾಯಿಗಳನ್ನು ನೆಲದ ಮೇಲೆ ಹರವಿ ಹೇಳಿಕೊಟ್ಟಳು. ತಾಯಿ ಅಕ್ಕಿಯ ಮರವನ್ನು ಪಕ್ಕಕ್ಕೆ ಸರಿಸಿ, ತಾನಾಗಿಯೇ ಐದನೆಯ ಕಾಯಿಯನ್ನು ಎಳೆದುಕೊಂಡು ಗುಂಪು ಕಟ್ಟತೊಡಗಿದಳು. ಕಟ್ಟೆಯ ಮೇಲಿದ್ದ ತಂದೆ ಕತ್ತು ಚಾಚಿ ನೋಡಿದ.

“ಆರು ಬಗಿ ಆದವು” ಎಂದಳು ತಾಯಿ.

“ಇನ್ನೊಂದೈತವ್ವಾ,” ಎಂದಳು ಮಗಳು, “ಹುಡುಕು.”