ಚೆನ್ನೈ ಹವೆಯಲ್ಲಿ ರೀಡಿನ ಜೋಪಾನ



ಡಿಸೆಂಬರ್ ರಜೆಯಲ್ಲಿ ತಾಯ್ನಾಡಿಗೆ ಬರುವ ನಿಮ್ಮಲ್ಲಿ ಹಲವರು ಬೆಂಗಳೂರು, ಮಂಗಳೂರುಗಳ ಜೊತೆಗೆ ಚೆನ್ನೈಗೂ ಒಮ್ಮೆ ಹೋಗಿ ಬರುತ್ತೀರಿ. ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ಟೋ ಸ್ಯಾಕ್ಸೊಫೋನೋ ನುಡಿಸುವವರು, ಅಭ್ಯಾಸ ತಪ್ಪದಿರಲೆಂದು ವಾದ್ಯವನ್ನೂ ಹೊತ್ತು ತರುತ್ತೀರಿ. ಹಾಗಿದ್ದರೆ ನಾಲ್ಕು ಮಾತು ನಿಮಗೆ ಹೇಳಬೇಕಾಗಿದೆ.

ಚೆನ್ನೈಯಲ್ಲಿ ಡಿಸೆಂಬರ್ ಎಂದರೆ ಸಂಗೀತದ ಕಾಲ. 1928ರಲ್ಲಿ ಸ್ಥಾಪನೆಯಾದ ಮ್ಯೂಸಿಕ್ ಅಕಾಡೆಮಿಯಿಂದ ಹಿಡಿದು ಚಿಕ್ಕಪುಟ್ಟ ಸಭೆಗಳವರೆಗೆ ಎಲ್ಲೆಲ್ಲೂ ಕಚೇರಿಗಳು. ಆದರೆ ಅದೇ ಹೊತ್ತಿಗೆ ಈಶಾನ್ಯ ಮುಂಗಾರಿನ ಕಾಲವೂ ಹೌದು. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಸುರಿಯುವ ಮಳೆ, ಜೊತೆಗೆ ಪಕ್ಕದಲ್ಲೇ ಕಡಲು. ಒಗೆದ ಬಟ್ಟೆ ಎರಡು ದಿನವಾದರೂ ಒಣಗದು. ಡಬ್ಬದ ಹಪ್ಪಳ ಮೆತ್ತಗಾಗುತ್ತದೆ. ನಿಮ್ಮ ವಾದ್ಯದ ರೀಡಿಗೂ ಇದೇ ಗತಿ.

ಮೈಲಾಪುರದ ಕಪಾಲೀಶ್ವರ ದೇವಸ್ಥಾನಕ್ಕೆ ಹೋದಾಗ ನಾಗಸ್ವರ ಕೇಳಿಸಿದರೆ ಹತ್ತಿರ ಹೋಗಿ ನಿಂತು ನೋಡಿ. ವಾದಕರ ತುಟಿಗಳ ನಡುವೆ ಇರುವ ಚಪ್ಪಟೆ ತುಂಡೇ ಸೀವಾಳಿ. ಅದು ನಾಗಸ್ವರದ ರೀಡು. ವಾದ್ಯದಿಂದ ದಾರದಲ್ಲಿ ಇನ್ನೂ ಕೆಲವು ಸೀವಾಳಿಗಳು ತೂಗಾಡುತ್ತಿರುತ್ತವೆ, ಜೊತೆಗೆ ದಂತದ ಅಥವಾ ಕೊಂಬಿನ ಒಂದು ಸಣ್ಣ ಸೂಜಿ. ಎಷ್ಟೋ ಜನ ಅದನ್ನು ಬರೀ ಅಲಂಕಾರವೆಂದು ತಿಳಿಯುತ್ತಾರೆ. ಸೀವಾಳಿಯೊಳಗೆ ಸೇರಿದ ಎಂಜಲು, ಕಸ ತೆಗೆದು ಗಾಳಿಗೆ ದಾರಿ ಮಾಡುವುದೇ ಆ ಸೂಜಿಯ ಕೆಲಸ. ಬದಲಿ ಸೀವಾಳಿಗಳೂ ಮುಚ್ಚಿದ ಡಬ್ಬಿಯಲ್ಲಿಲ್ಲ, ಗಾಳಿಯಲ್ಲಿ ತೂಗುತ್ತಿವೆ ಎಂಬುದನ್ನು ಗಮನಿಸಿ. ನಾವು ಕಲಿಯಬೇಕಾದ ಪಾಠ ಅಲ್ಲೇ ಇದೆ.

ಸೀವಾಳಿ ಮಾಡುವುದು ತಂಜಾವೂರು ಸೀಮೆಯ ಕಾವೇರಿ ತೀರದಲ್ಲಿ ಬೆಳೆಯುವ ಜೊಂಡಿನಿಂದ. ತಿರುವಾವಡುದುರೈ ಎಂಬ ಊರು ಈ ಕಸುಬಿಗೆ ಹೆಸರಾದದ್ದು. ಕೊಡಗಿನಲ್ಲಿ ಹುಟ್ಟಿದ ನಮ್ಮ ಕಾವೇರಿಯ ನೀರು ಕುಡಿದ ಹುಲ್ಲು ಚೆನ್ನೈಯ ದೇವಸ್ಥಾನದಲ್ಲಿ ಹಾಡುತ್ತದೆ ಎಂದರೆ ತಪ್ಪಾಗದು. ನಿಮ್ಮ ಸ್ಯಾಕ್ಸೊಫೋನಿನ ರೀಡೂ ಹುಲ್ಲೇ. ಬಿದಿರಿನಂತೆ ಎತ್ತರವಾಗಿ ಬೆಳೆಯುವ ಒಂದು ಜಾತಿ. ಅದಕ್ಕೆ ಪ್ರಸಿದ್ಧವಾದದ್ದು ದಕ್ಷಿಣ ಫ್ರಾನ್ಸಿನ ವಾರ್ ಪ್ರದೇಶ.

ಈ ಎರಡು ಹುಲ್ಲುಗಳನ್ನೂ ಬಲ್ಲ ಒಬ್ಬ ಕನ್ನಡಿಗರನ್ನು ನೀವು ತಿಳಿದಿರಲೇಬೇಕು. ಕದ್ರಿ ಗೋಪಾಲನಾಥ್ 1949ರಲ್ಲಿ ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ ಹುಟ್ಟಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನ ಮೊದಲ ವಾದ್ಯವೂ ಅದೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಅದರ ಬೆನ್ನು ಹತ್ತಿದ ಅವರು, ಆಗಿನ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತು, ಆ ಪರದೇಶಿ ವಾದ್ಯದಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿ ತೋರಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು, 2019ರಲ್ಲಿ ತೀರಿಕೊಂಡರು. ಆ ನಾದವೆಲ್ಲ ಹೊರಟದ್ದು ಒಂದು ಹುಲ್ಲಿನ ಸೀಳಿನಿಂದ ಎಂಬುದನ್ನು ನೆನಪಿಡಿ.

ಹುಲ್ಲು ಒದ್ದೆಯಾದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿಗೆ ಬೇಕಾದದ್ದು ತೇವ, ಸೆಕೆ, ಒಂದಿಷ್ಟು ಆಹಾರ. ಎಂಜಲಿನಿಂದ ನೆನೆದ ರೀಡನ್ನು ಹಾಗೆಯೇ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರೆ ಮೂರೂ ಸಿಕ್ಕಂತಾಯಿತು. ಇದು ಬರೀ ಅಸಹ್ಯದ ಮಾತಲ್ಲ. ಇಂಗ್ಲೆಂಡಿನ 61 ವರ್ಷದ ಬ್ಯಾಗ್‌ಪೈಪ್ ವಾದಕರೊಬ್ಬರಿಗೆ ವರ್ಷಗಟ್ಟಲೆ ಕೆಮ್ಮು, ಉಬ್ಬಸ. ವಾದ್ಯವನ್ನು ಮನೆಯಲ್ಲೇ ಬಿಟ್ಟು ಮೂರು ತಿಂಗಳು ಆಸ್ಟ್ರೇಲಿಯಾಕ್ಕೆ ಹೋಗಿದ್ದಾಗ ಮಾತ್ರ ಆರಾಮವಾಗಿದ್ದರು. ಪರೀಕ್ಷಿಸಿದಾಗ ವಾದ್ಯದೊಳಗೆ ಹಲವು ಬಗೆಯ ಬೂಷ್ಟು ಸಿಕ್ಕಿತು. ಆದರೆ ಅಷ್ಟರಲ್ಲಿ ಕಾಲ ಮೀರಿತ್ತು, ಅವರು ಉಳಿಯಲಿಲ್ಲ. 2016ರಲ್ಲಿ ‘ಥೊರಾಕ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಇಂಥದ್ದು ಅಪರೂಪ, ಹೆದರಬೇಕಾಗಿಲ್ಲ. ಆದರೆ ಉದಾಸೀನ ಸಲ್ಲದು.

ಮಾಡಬೇಕಾದದ್ದು ಸುಲಭ. ಸಭೆಯ ಕ್ಯಾಂಟೀನಿನಲ್ಲಿ ಕಾಫಿ, ಕೇಸರಿಬಾತು ಮುಗಿಸಿ ಬಂದವರು ಬಾಯಿ ಮುಕ್ಕಳಿಸದೆ ವಾದ್ಯ ಮುಟ್ಟಬೇಡಿ. ನುಡಿಸಿದ ಮೇಲೆ ರೀಡನ್ನು ಬಿಚ್ಚಿ ತಣ್ಣೀರಿನಲ್ಲಿ ತೊಳೆಯಿರಿ. ದಪ್ಪ ತುದಿಯಿಂದ ತೆಳು ತುದಿಯ ಕಡೆಗೆ ಮೆಲ್ಲಗೆ ಒರೆಸಿ. ಎದುರು ದಿಕ್ಕಿನಲ್ಲಿ ಒರೆಸಿದರೆ ತುದಿ ಸೀಳೀತು. ಫ್ಯಾನಿನ ಗಾಳಿಗೆ ನೆರಳಿನಲ್ಲಿ ಆರಲಿ. ಹಪ್ಪಳದಂತೆ ಮಹಡಿಯ ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತದೆ, ಕುದಿಸಿದರೂ ಅಷ್ಟೆ. ಪೂರ್ತಿ ಆರಿದ ಮೇಲೆ ಗಾಳಿಯಾಡುವ ರೀಡ್ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಹೊಸ ಚಪ್ಪಲಿಯ ಡಬ್ಬದಲ್ಲಿ ಬರುವಂಥ ಸಿಲಿಕಾ ಜೆಲ್ ಪೊಟ್ಟಣವೊಂದು ವಾದ್ಯದ ಪೆಟ್ಟಿಗೆಯಲ್ಲಿರಲಿ. ಮೂರು ನಾಲ್ಕು ರೀಡುಗಳಿಗೆ ನಂಬರು ಹಾಕಿ ಸರದಿಯಲ್ಲಿ ಬಳಸಿ. ಒಂದು ನುಡಿಯುವಾಗ ಉಳಿದವು ಒಣಗುತ್ತವೆ. ಬಾಯಿಗಿಡುವ ಮೌತ್‌ಪೀಸನ್ನು ವಾರಕ್ಕೊಮ್ಮೆ ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆಯಿರಿ. ಸ್ನೇಹ ಎಷ್ಟೇ ಇರಲಿ, ರೀಡನ್ನು ಮಾತ್ರ ಯಾರಿಗೂ ಕೊಡಬೇಡಿ.

ರೀಡಿನ ತೊಗಟೆಯ ಮೇಲೆ ಕಂದು ಗೆರೆಗಳಿದ್ದರೆ ಗಾಬರಿ ಬೇಡ, ಅದು ಹುಲ್ಲಿನ ಸಹಜ ಬಣ್ಣ. ಆದರೆ ಬೂದಿ ಬಣ್ಣದ, ಹಸಿರು ಅಥವಾ ಕಪ್ಪು ಚುಕ್ಕೆ ಎದ್ದು ಹಳಸಲು ವಾಸನೆ ಬಂದರೆ, ಮರುಮಾತಿಲ್ಲದೆ ಬಿಸಾಡಿ. ರೀಡು ಅಂಗಡಿಯಲ್ಲಿ ಸಿಗುತ್ತದೆ, ಶ್ವಾಸಕೋಶ ಸಿಗದು.

ನೀವು ಮರಳಿ ಹೋದಾಗ ಅಲ್ಲಿ ಚಳಿಗಾಲ. ಹೀಟರಿನ ಒಣಹವೆಗೆ ಅದೇ ರೀಡು ಬಿರಿಯಬಹುದು. ಅಲ್ಲಿ ತುಸು ತೇವ ಕಾಪಾಡಬೇಕು, ಇಲ್ಲಿ ತೇವ ಕಳೆಯಬೇಕು. ಊರಿಗೆ ತಕ್ಕಂತೆ ನಡೆದುಕೊಳ್ಳುವುದು ಕನ್ನಡಿಗರಿಗೆ ಹೊಸತೇನಲ್ಲವಲ್ಲ! ಮುಂದಿನ ಸಲ ಚೆನ್ನೈಗೆ ಹೋದಾಗ ನಾಗಸ್ವರದ ಹಿರಿಯರೊಬ್ಬರಿಗೆ ನಮಸ್ಕರಿಸಿ, ಸೀವಾಳಿಯನ್ನು ಹೇಗೆ ಕಾಪಾಡುತ್ತೀರಿ ಎಂದು ಕೇಳಿ ನೋಡಿ. ಪುಸ್ತಕದಲ್ಲಿ ಸಿಗದ ವಿದ್ಯೆ ಅವರ ಕೈಯಲ್ಲಿದೆ. ಕೇಳುವವರಿದ್ದರೆ ತಾನೇ ಅದು ಉಳಿಯುವುದು?