ಲೆಕ್ಕ ತಪ್ಪಿದ ವರ್ಷ

ಮೈಸೂರಿನ ರಾಮಕೃಷ್ಣನಗರದಲ್ಲಿ ನಮ್ಮದು ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಹಾಕಿಕೊಂಡಿದ್ದೇನೆ. ಬ್ಲೌಸು, ಫಾಲ್ಸು, ಸೀರೆಗೆ ಕುಚ್ಚು. ನಮ್ಮನೆಯವರಿಗೆ ನಂಜನಗೂಡಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮಗ ಡಿಪ್ಲೊಮಾ ಓದುತ್ತಿದ್ದ. ಅತ್ತೆ ನಮ್ಮ ಜೊತೆಗೇ ಇದ್ದಾರೆ. 2022ರಲ್ಲಿ ನನಗೆ 43 ವರ್ಷ.

ಅಲ್ಲಿಯವರೆಗೆ ನನ್ನ ಮುಟ್ಟು ತಪ್ಪಿದ್ದಿಲ್ಲ. ಒಂದೆರಡು ದಿನ ಹಿಂದೆ ಮುಂದೆ, ಅಷ್ಟೆ. ಅಡುಗೆಮನೆಯ ಒಂಟಿಕೊಪ್ಪಲ್ ಕ್ಯಾಲೆಂಡರಿನಲ್ಲಿ ತಾರೀಖಿನ ಪಕ್ಕ ಪೆನ್ನಿನಿಂದ ಒಂದು ಚುಕ್ಕಿ ಇಡುವ ಅಭ್ಯಾಸ ಮದುವೆಯಾದಾಗಿನಿಂದ ಇತ್ತು. ವ್ರತ ಹಿಡಿಯುವುದು, ತವರಿಗೆ ಹೋಗುವುದು, ಎಲ್ಲ ಆ ಚುಕ್ಕಿ ನೋಡಿಕೊಂಡೇ.

ಆ ವರ್ಷ ಯುಗಾದಿ ಕಳೆದ ಮೇಲೆ ಚುಕ್ಕಿಗಳು ಅಡ್ಡಾದಿಡ್ಡಿಯಾದವು. ಒಂದು ತಿಂಗಳು ಮೂರು ವಾರಕ್ಕೇ ಬಂತು. ಮುಂದಿನದು ಬರಲೇ ಇಲ್ಲ. ಆಮೇಲೆ ಬಂದದ್ದು ಬೇಗ ನಿಲ್ಲಲಿಲ್ಲ. ಬ್ಲೌಸಿಗೆ ಅಳತೆ ಕೊಡಲು ಬರುವ ಹೆಂಗಸರ ಹತ್ತಿರ ಹೇಳಿದೆ. ಎಲ್ಲರದೂ ಒಂದೇ ಮಾತು. "ನಿಲ್ಲೋ ಟೈಮು ಕಣ್ರೀ. ಹಂಗೇ ಆಗೋದು." ನಮ್ಮ ಕಡೆ ಬಹಳ ಮಂದಿಗೆ 46, 47ರ ಹೊತ್ತಿಗೆ ಮುಟ್ಟು ನಿಲ್ಲುತ್ತದೆ. ಅದಕ್ಕೆ ಕೆಲವು ವರ್ಷ ಮೊದಲೇ ಏರುಪೇರು ಶುರುವಾಗುವುದೂ ನಿಜ. ಆದ್ದರಿಂದ ಆ ಮಾತು ಸುಳ್ಳೇನಲ್ಲ. ಆದರೆ ಆ ಮಾತು ಕೇಳಿದ ಮೇಲೆ ಯಾರೂ ಮುಂದೆ ಯೋಚನೆ ಮಾಡುವುದಿಲ್ಲ.

ವರಮಹಾಲಕ್ಷ್ಮಿ ಹಬ್ಬಕ್ಕೆ ಮುಟ್ಟು ಮುಂದೂಡುವ ಮಾತ್ರೆ ನುಂಗಿದ್ದೆ. ನಮ್ಮ ಬೀದಿಯಲ್ಲಿ ಅದನ್ನು ಒಮ್ಮೆಯಾದರೂ ನುಂಗದ ಹೆಂಗಸರು ಕಡಿಮೆ. ಹಬ್ಬ ಮುಗಿಯಿತು. ಮಾತ್ರೆ ನಿಲ್ಲಿಸಿದ ಮೇಲೆ ಶುರುವಾದದ್ದು ಗೌರಿ ಹಬ್ಬ ಬಂದರೂ ನಿಲ್ಲಲಿಲ್ಲ.

ದಸರಾಕ್ಕೆ ಮುಂಚಿನ ತಿಂಗಳು ನನಗೆ ಕೈತುಂಬ ಕೆಲಸ. ಕುರ್ಚಿಯ ಮೇಲೆ ಪ್ಲಾಸ್ಟಿಕ್ ಹಾಳೆ ಮಡಿಸಿ, ಅದರ ಮೇಲೆ ಹಳೇ ಟವೆಲ್ ಹಾಕಿ ಕೂರುತ್ತಿದ್ದೆ. ಕಪ್ಪು ಲಂಗ, ಗಾಢ ಬಣ್ಣದ ಸೀರೆ. ದೊಡ್ಡ ಪ್ಯಾಡು ಗಂಟೆಗೆ ಒಂದು ತುಂಬುತ್ತಿತ್ತು. ಗಡ್ಡೆ ಗಡ್ಡೆಯಾಗಿ ಹೋಗುತ್ತಿತ್ತು. ಗಿರಾಕಿಗಳ ರೇಷ್ಮೆ ಬಟ್ಟೆಗೆ ಕಲೆಯಾದರೆ ಎಂಬ ಹೆದರಿಕೆಯಿಂದ ಕತ್ತರಿಸಿದ ತುಂಡುಗಳನ್ನೆಲ್ಲ ಮೇಜಿನ ಆ ಬದಿಗೆ ಇಡುತ್ತಿದ್ದೆ. ರಾತ್ರಿ ಎದ್ದು ಬಟ್ಟೆ ಬದಲಾಯಿಸುವುದು, ಒಗೆಯುವುದು. ನಮ್ಮನೆಯವರು ರಾತ್ರಿ ಪಾಳಿಯಲ್ಲಿದ್ದರೆ ಅದು ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಮನೆಯಲ್ಲಿ ಮಗ ಇದ್ದ. ಹೇಗೆ ಮಾತು ತೆಗೆಯುವುದು ತಿಳಿಯುತ್ತಿರಲಿಲ್ಲ.

ಆ ದಿನಗಳಲ್ಲಿ ಹಸಿ ಅಕ್ಕಿ ತಿನ್ನಬೇಕು ಅನ್ನಿಸುತ್ತಿತ್ತು. ಡಬ್ಬದಿಂದ ಹಿಡಿ ತೆಗೆದು ಬಾಯಿಗೆ ಹಾಕಿಕೊಂಡು ಮಷೀನು ತುಳಿಯುತ್ತಿದ್ದೆ. ರಕ್ತ ಕಡಿಮೆಯಾದವರಿಗೆ ಇಂಥ ಆಸೆ ಹುಟ್ಟುತ್ತದೆ ಎಂದು ಆಮೇಲೆ ಗೊತ್ತಾಯಿತು. ಕೆಲವರು ಮಣ್ಣು, ಸೀಮೆಸುಣ್ಣ, ಐಸ್ ತಿನ್ನುತ್ತಾರಂತೆ. ಮಹಡಿಯ ಮೇಲೆ ಬಟ್ಟೆ ಒಣಗಿಸಲು ಹತ್ತಿದರೆ ಎದೆ ಡವಗುಟ್ಟುತ್ತಿತ್ತು. ಮುಖ ಊದಿತ್ತು. ಕೂದಲು ಬಾಚಣಿಗೆಗೆ ಬರುತ್ತಿತ್ತು. ಫ್ಯಾನು ಹಾಕಿದರೆ ಚಳಿ. ಇದನ್ನೆಲ್ಲ ಒಂದಕ್ಕೊಂದು ಸೇರಿಸಿ ನೋಡುವುದು ಯಾರಿಗೂ ಹೊಳೆಯಲಿಲ್ಲ.

ನಮ್ಮ ಅತ್ತೆ ಹಳೇ ಕಾಲದವರು. ಮೂರು ದಿನ ದೇವರ ಮನೆ ಕಡೆ ಬರಬಾರದು, ಉಪ್ಪಿನಕಾಯಿ ಮುಟ್ಟಬಾರದು. ನಾನೂ ಜಗಳವಾಡದೆ ಪಾಲಿಸಿಕೊಂಡು ಬಂದಿದ್ದೆ. ನಾಲ್ಕನೇ ದಿನ ತಲೆಗೆ ಸ್ನಾನ. ಆದರೆ ಈ ಸಲ ನಾಲ್ಕನೇ ದಿನ ಬರಲೇ ಇಲ್ಲ. ವಾರವಾಯಿತು, ಎರಡು ವಾರ ಕಳೆಯಿತು. ನವರಾತ್ರಿ ಬಂತು. ದೀಪ ಹಚ್ಚುವವರು ಯಾರು ಎಂದು ಅತ್ತೆ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಬಚ್ಚಲಲ್ಲಿ ನೆನೆಹಾಕಿದ್ದ ಬಟ್ಟೆ ನೋಡಿಕೊಂಡು ಬಂದು ನನ್ನ ಎದುರಿಗೆ ಕೂತರು. ಕೈ ಹಿಡಿದು ಉಗುರು ನೋಡಿದರು. ಬಿಳಚಿಕೊಂಡಿತ್ತು. "ಇದು ಮುಟ್ಟಲ್ಲ ಕಣಮ್ಮ, ಕಾಯಿಲೆ. ದೀಪದ ಮಾತು ಆಮೇಲೆ. ಮೊದಲು ಆಸ್ಪತ್ರೆಗೆ ನಡಿ" ಅಂದರು. ಆ ಮಾತು ಮೊದಲು ಹೇಳಿದವರು ಅವರೇ.

ಒಪ್ಪಿಕೊಂಡ ಬ್ಲೌಸುಗಳಿದ್ದವು. ವಿಜಯದಶಮಿ ಕಳೆಯಲಿ ಅಂದೆ. ಅದಕ್ಕೆ ಮೊದಲೇ ಆಂದೋಲನ ವೃತ್ತದ ಹತ್ತಿರ ದಾರದ ಉಂಡೆ ತರಲು ಹೋದಾಗ ಕಣ್ಣು ಕತ್ತಲೆ ಬಂತು. ಅಂಗಡಿಯ ಕಟ್ಟೆ ಹಿಡಿದುಕೊಂಡು ಕೂತೆ. ಸೀರೆಗೆ ಕಲೆಯಾಗಿದೆ ಎಂದು ತಿಳಿಯಿತು. ಏಳಲು ಭಯ. ಪಕ್ಕದಲ್ಲಿ ಹೂವು ಮಾರುತ್ತಿದ್ದ ಹೆಂಗಸು ನೋಡಿದಳು. ಏನೂ ಕೇಳಲಿಲ್ಲ. ಚೀಲದಲ್ಲಿದ್ದ ತನ್ನ ಶಾಲು ತೆಗೆದು ನನ್ನ ಸೊಂಟಕ್ಕೆ ಸುತ್ತಿ ಗಂಟು ಹಾಕಿದಳು. ಆಟೋ ನಿಲ್ಲಿಸಿ ಹತ್ತಿಸಿದಳು. ಶಾಲು ಒಗೆದು ವಾಪಸು ಕೊಡಲು ಹೋದಾಗ "ಇರಲಿ ಬುಡಕ್ಕ" ಅಂದಳು.

ಮೊದಲು ತೋರಿಸಿದ್ದು ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ. ಸ್ಕ್ಯಾನಿಂಗ್ ಮಾಡಿದರು. ಗರ್ಭಕೋಶದಲ್ಲಿ ಸಣ್ಣ ಗೆಡ್ಡೆ ಇದೆ, ಫೈಬ್ರಾಯ್ಡು, ಅಂದರು. "ಎಷ್ಟು ಮಕ್ಕಳು? ಇನ್ನು ಬೇಕಾ? ಬೇಡ ತಾನೆ. ತೆಗೆಸಿಬಿಡಿ, ತಾಪತ್ರಯ ಮುಗಿಯುತ್ತೆ." ಎರಡು ಬಾಟಲಿ ರಕ್ತ ಹಾಕಿಸಿಕೊಂಡು ಅದೇ ವಾರ ಆಪರೇಷನ್ ಎಂದು ತಾರೀಖು ಬರೆದುಕೊಟ್ಟರು. ಖರ್ಚಿನ ಚೀಟಿಯನ್ನೂ ಕೊಟ್ಟರು. ಕೋಣೆಯೊಳಗೆ ಇದ್ದದ್ದು ಐದು ನಿಮಿಷ ಇರಬಹುದು.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ನಿಜಕ್ಕೂ ಭಯವಾಯಿತು. ಆಪರೇಷನ್ನಿಗಿಂತ ಹೆಚ್ಚಾಗಿ, ಒಳಗೆ ಇನ್ನೇನೋ ಇದೆ, ನನಗೆ ಹೇಳುತ್ತಿಲ್ಲ ಎಂಬ ಭಯ. ನಮ್ಮನೆಯವರು ಚೀಟಿ ಓದುತ್ತಾ ಕೂತಿದ್ದರು. "ಸಾಲ ಮಾಡೋಣ ಬಿಡು" ಅಂದರು. ಅವರ ತಂಗಿಗೆ ಮಂಡ್ಯದಲ್ಲಿ 36ಕ್ಕೇ ಗರ್ಭಕೋಶ ತೆಗೆಸಿದ್ದರು. ಯಾಕೆ ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅವಳಿಗೆ ಫೋನ್ ಮಾಡಿದೆ. "ಅತ್ತಿಗೆ, ಇನ್ನೊಂದು ಕಡೆ ತೋರಿಸಿ. ನನಗೆ ಆಗ ಹೇಳೋರಿರಲಿಲ್ಲ" ಅಂದಳು.

ಕಲಬುರಗಿ ಕಡೆಯ ತಾಂಡಾಗಳಲ್ಲಿ ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಬಡ ಹೆಂಗಸರ ಗರ್ಭಕೋಶ ತೆಗೆದು ಕಳಿಸಿದ್ದರು. ಅವರು ಬೀದಿಗಿಳಿದು ನ್ಯಾಯ ಕೇಳಿದ ಸುದ್ದಿಯನ್ನು ನಾನು ಆಗ ಓದಿರಲಿಲ್ಲ. ನನ್ನ ಚಿಕಿತ್ಸೆ ನಡೆಯುತ್ತಿದ್ದಾಗಲೇ, 2023ರ ಏಪ್ರಿಲ್‌ನಲ್ಲಿ, ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬಿಹಾರ, ಛತ್ತೀಸಗಡ, ರಾಜಸ್ಥಾನದ ಇಂಥವೇ ಪ್ರಕರಣಗಳ ಮೇಲೆ ಬಂದ ಅರ್ಜಿ ಅದು. ಬೇಡದ ಗರ್ಭಕೋಶ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಎಂದು ರಾಜ್ಯಗಳಿಗೆಲ್ಲ ಹೇಳಿತು. ಪೇಪರಿನ ಆ ತುಂಡನ್ನು ಕತ್ತರಿಸಿ ನಾದಿನಿಗೆ ಕಳಿಸಿದೆ.

ನಾದಿನಿ ಹೇಳಿದಂತೆ ಇನ್ನೊಂದು ಕಡೆ ತೋರಿಸಲು ಚೆಲುವಾಂಬ ಆಸ್ಪತ್ರೆಗೆ ಬೆಳಿಗ್ಗೆಯೇ ಹೋಗಿ ಚೀಟಿ ಮಾಡಿಸಿದೆವು. ಅಲ್ಲಿದ್ದ ಡಾಕ್ಟರಮ್ಮ ಮೊದಲು ತಾರೀಖು ಕೇಳಿದರು. ನಾನು ಕ್ಯಾಲೆಂಡರಿನ ಹಾಳೆಗಳನ್ನೇ ಮಡಿಸಿ ತಂದಿದ್ದೆ. ಮೇಜಿನ ಮೇಲೆ ಹರಡಿ ಬೆರಳಿಟ್ಟು ಎಣಿಸಿದರು. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನಕ್ಕೆ 24ರಿಂದ 38 ದಿನದೊಳಗಿದ್ದರೆ, ಎಂಟು ದಿನದೊಳಗೆ ನಿಂತರೆ ಚಿಂತೆಯಿಲ್ಲ ಅಂದರು. ಹಬ್ಬದ ಮಾತ್ರೆಯ ವಿಷಯ ಕೇಳಿದರು. ತೂಕ ಹೆಚ್ಚಿದೆಯಾ, ಚಳಿ ಆಗುತ್ತದೆಯಾ, ಮಲಬದ್ಧತೆ ಇದೆಯಾ, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಇದೆಯಾ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತೀರಾ. ಗರ್ಭ ನಿಂತಿರಬಹುದೇ ಎಂದೂ ಪರೀಕ್ಷೆ ಮಾಡಿಸಿದರು. ಈ ವಯಸ್ಸಿಗೆ ಅದೇನು ಎಂದು ನಾಚಿಕೆಯಾಯಿತು. ಅದನ್ನು ಬಿಡುವ ಹಾಗಿಲ್ಲ ಅಂದರು.

ಹಿಮೋಗ್ಲೋಬಿನ್ 6.4 ಬಂತು. ಹೆಂಗಸರಿಗೆ 12 ಇರಬೇಕು. ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ 40 ದಾಟಿತ್ತು. ಅದು ನಾಲ್ಕರ ಆಸುಪಾಸಿನ ಒಳಗಿರಬೇಕಾದದ್ದು. ಎರಡನೇ ಸ್ಕ್ಯಾನಿಂಗ್‌ನಲ್ಲಿ ಗೆಡ್ಡೆ ಎರಡು ಸೆಂಟಿಮೀಟರ್, ಗರ್ಭಕೋಶದ ಹೊರಗೋಡೆಯಲ್ಲಿ ಇದೆ, ರಕ್ತಸ್ರಾವ ಅದರಿಂದ ಅಲ್ಲ ಅಂದರು. ಒಳಪದರ ಮಾತ್ರ ದಪ್ಪಗಾಗಿತ್ತು.

ಮೊದಲು ರಕ್ತ ಕೊಟ್ಟರು. ರಕ್ತಸ್ರಾವ ಹಿಡಿಯಲು ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ. ವಾರ್ಡಿನ ಪಕ್ಕದ ಹಾಸಿಗೆಯಲ್ಲಿ ಎಚ್.ಡಿ. ಕೋಟೆ ಕಡೆಯ ಹುಡುಗಿ ಇದ್ದಳು. ಹದಿನಾರೋ ಹದಿನೇಳೋ. ದೊಡ್ಡವಳಾದಾಗಿನಿಂದಲೂ ನಿಲ್ಲದ ಹಾಗೆ ಹೋಗುತ್ತಿತ್ತಂತೆ. ಅವಳಿಗೆ ರಕ್ತ ಹೆಪ್ಪುಗಟ್ಟುವುದರಲ್ಲೇ ಏನೋ ದೋಷ ಇದೆಯೇ ಎಂದು ನೋಡುತ್ತಿದ್ದರು. ಅವಳ ತಾಯಿ ನನಗೂ ಸೇರಿಸಿ ಗಂಜಿ ತರುತ್ತಿದ್ದರು. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆ ವಾರ್ಡಿನಲ್ಲಿ ಮಲಗಿದ್ದವರಿಗೆ ಸಮೀಕ್ಷೆ ಬೇಕಾಗಿರಲಿಲ್ಲ.

ಆಮೇಲೆ ಒಳಪದರದ ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು ಅಂದರು. ನಲವತ್ತು ದಾಟಿದವರಲ್ಲಿ ಇದನ್ನು ಮಾಡದೆ ಬಿಡಬಾರದಂತೆ. ಸಣ್ಣ ಕೊಳವೆಯೊಂದನ್ನು ಒಳಗೆ ಹಾಕಿ ಹೀರಿ ತೆಗೆದರು. ಪ್ರಜ್ಞೆ ತಪ್ಪಿಸಲಿಲ್ಲ. ನೋವಾಯಿತು. ಹೆರಿಗೆ ನೋವಿನ ಶುರುವಿನಷ್ಟು. ಬೇಗ ಮುಗಿಯಿತು. ಸಿಸ್ಟರ್ ಒಬ್ಬರು ಅಷ್ಟು ಹೊತ್ತೂ ನನ್ನ ಭುಜದ ಮೇಲೆ ಕೈಯಿಟ್ಟುಕೊಂಡಿದ್ದರು.

ರಿಪೋರ್ಟು ಬರುವವರೆಗಿನ ದಿನಗಳು ಎಲ್ಲಕ್ಕಿಂತ ಕಷ್ಟವಾದವು. ಕ್ಯಾನ್ಸರ್ ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡಲಿಲ್ಲ. ಮಗ ಕಾಲೇಜಿಗೆ ಹೋಗುವ ಮುಂಚೆ ಅಕ್ಕಿ ತೊಳೆದು ಕುಕ್ಕರ್ ಇಡಲು ಶುರುಮಾಡಿದ. ಮೆಡಿಕಲ್ಲಿಗೆ ಹೋಗಿ ಪ್ಯಾಡು ತಂದು, ಸುತ್ತಿದ್ದ ಪೇಪರ್ ಬಿಚ್ಚಿಯೇ ಮೇಜಿನ ಮೇಲೆ ಇಟ್ಟ.

ರಿಪೋರ್ಟಿನಲ್ಲಿ ಕ್ಯಾನ್ಸರ್ ಇರಲಿಲ್ಲ. ಹೈಪರ್‌ಪ್ಲೇಸಿಯಾ, ಅಟಿಪಿಯಾ ಇಲ್ಲ ಎಂದಿತ್ತು. ಒಳಪದರ ಅತಿಯಾಗಿ ಬೆಳೆದಿದೆ, ಆದರೆ ಜೀವಕೋಶ ಕೆಟ್ಟಿಲ್ಲ ಎಂದು ಅರ್ಥ. ಡಾಕ್ಟರಮ್ಮ ಕಾಗದದ ಮೇಲೆ ಬರೆದು ತಿಳಿಸಿದರು. ಪ್ರತಿ ತಿಂಗಳು ಅಂಡಾಣು ಬಿಡುಗಡೆಯಾದರೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಬರುತ್ತದೆ. ಪದರಕ್ಕೆ ಬೆಳೆದದ್ದು ಸಾಕು ಎನ್ನುವುದು ಅದು. ಅಂಡಾಣು ಬಿಡುಗಡೆಯಾಗದ ತಿಂಗಳು ತಡೆಯುವವರಿಲ್ಲ. ಬೆಳೆಯುತ್ತಲೇ ಹೋಗಿ, ಯಾವಾಗಲೋ ಅಲ್ಲಲ್ಲಿ ಕಳಚಿಕೊಳ್ಳುತ್ತದೆ. ಬ್ಲೌಸಿಗೆ ಒಂದರ ಮೇಲೊಂದು ಲೈನಿಂಗ್ ಕೊಡುತ್ತಲೇ ಹೋದರೆ ಹೊಲಿಗೆ ಒಂದೊಂದು ಕಡೆ ಬಿಡುತ್ತದಲ್ಲ, ಹಾಗೆ ಎಂದು ನಾನು ಅಂದುಕೊಂಡೆ. ಥೈರಾಯ್ಡ್ ಕಡಿಮೆಯಾದರೆ ಅಂಡಾಣುವಿನ ಲೆಕ್ಕ ತಪ್ಪುತ್ತದೆ. ನಲವತ್ತು ದಾಟಿದ ಮೇಲೂ ತಪ್ಪುತ್ತದೆ. ನನ್ನಲ್ಲಿ ಎರಡೂ ಸೇರಿದ್ದವು.

ಹಬ್ಬದ ಮಾತ್ರೆಯೂ ಪ್ರೊಜೆಸ್ಟರಾನ್ ಜಾತಿಯ ಹಾರ್ಮೋನೇ. ನಿಲ್ಲಿಸಿದ ಕೂಡಲೇ ತಡೆದಿದ್ದೆಲ್ಲ ಬರುತ್ತದೆ. ಕಾಯಿಲೆಗೆ ಅದು ಕಾರಣವಲ್ಲ, ಆದರೆ ಕೇಳದೆ ನುಂಗಬೇಡಿ ಅಂದರು.

ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಬರೀ ಹೊಟ್ಟೆಗೆ. ಆಮೇಲೆ ಅರ್ಧ ಮುಕ್ಕಾಲು ಗಂಟೆ ಕಾಫಿ ಇಲ್ಲ. ಮೈಸೂರಿನವಳಿಗೆ ಇದು ಸಣ್ಣ ಶಿಕ್ಷೆಯಲ್ಲ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವ ವಾಸನೆ ಬರುತ್ತಿರುತ್ತದೆ, ನಾನು ಗಡಿಯಾರ ನೋಡುತ್ತಾ ಅಂಗಳ ಗುಡಿಸುತ್ತೇನೆ. ಕಬ್ಬಿಣದ ಮಾತ್ರೆ ಅದರ ಜೊತೆ ಕೂಡದು, ನಾಲ್ಕು ಗಂಟೆ ಅಂತರ ಇರಬೇಕು. ಹಾಲು, ಕಾಫಿ, ಟೀ ಜೊತೆಯಲ್ಲೂ ಬೇಡ. ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೆಯದು. ಮಲ ಕಪ್ಪಗಾಗುತ್ತದೆ, ಹೆದರಬೇಕಿಲ್ಲ. ಸೊಪ್ಪು, ಹುರುಳಿಕಾಳು ತಿನ್ನಿ, ಆದರೆ 6ರಿಂದ ಮೇಲೇಳಲು ಸೊಪ್ಪಿನ ಸಾರು ಸಾಲದು ಎಂದು ಖಡಾಖಂಡಿತವಾಗಿ ಹೇಳಿದರು. ಅತ್ತೆಗೆ ಆ ಮಾತು ಹಿಡಿಸಲಿಲ್ಲ.

ಒಳಪದರಕ್ಕೆ ಹಾರ್ಮೋನು ಬಿಡುವ ಒಂದು ಸಾಧನವನ್ನು ಗರ್ಭಕೋಶದೊಳಗೆ ಇಟ್ಟರು. ಮಕ್ಕಳಾಗದಂತೆ ಹಾಕುವ ವಂಕಿಯ ಹಾಗೆಯೇ, ಸಣ್ಣದು. ಅದು ದಿನವೂ ತುಸು ಹಾರ್ಮೋನನ್ನು ಅಲ್ಲಿಯೇ ಬಿಡುತ್ತಾ ಪದರ ತೆಳುವಾಗಿಸುತ್ತದೆ. ಮೊದಲ ಕೆಲವು ತಿಂಗಳು ಸುಖವಿರಲಿಲ್ಲ. ದಿನ ಬಿಟ್ಟು ದಿನ ಕಲೆ. ತೆಗೆಸಿಬಿಡೋಣ ಅನ್ನಿಸಿತ್ತು. ಮೂರರಿಂದ ಆರು ತಿಂಗಳು ಹೀಗಾಗುತ್ತದೆ ಎಂದು ಮೊದಲೇ ಹೇಳಿದ್ದರಿಂದ ತಡೆದುಕೊಂಡೆ. ಬೆಳಿಗ್ಗೆ ಲಿಂಗಾಂಬುಧಿ ಕೆರೆಯ ಕಡೆ ನಡೆಯಲು ಶುರುಮಾಡಿದೆ. ಮೊದಮೊದಲು ಗೇಟಿನವರೆಗೆ ಹೋಗಿ ಕೂತು ಬರುತ್ತಿದ್ದೆ.

ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಸಾಫ್ಟ್‌ವೇರ್ ಹುಡುಗಿ ಜೊತೆಗೆ ಬರುತ್ತಿದ್ದಳು. ಅವಳದ್ದು ನನ್ನದಕ್ಕೆ ತದ್ವಿರುದ್ಧ. ಮೂರು ತಿಂಗಳಾದರೂ ಆಗುತ್ತಿರಲಿಲ್ಲ. ಪಿಸಿಓಡಿ ಎಂದಿದ್ದರು. ಅಲ್ಲಿಯೂ ಅಂಡಾಣುವಿನದೇ ತಕರಾರು. ತೂಕ ಹೆಚ್ಚಿದ್ದವರು ನೂರಕ್ಕೆ ಐದರಷ್ಟು ಇಳಿಸಿದರೂ ಎಷ್ಟೋ ಮಂದಿಗೆ ಮುಟ್ಟು ಸರಿಹೋಗುತ್ತದೆ ಎಂದು ಅವಳ ಡಾಕ್ಟರು ಹೇಳಿದ್ದರಂತೆ. ಆಗದೇ ಇದ್ದರೆ ಆರಾಮ ಎಂದು ಅವಳು ತಿಳಿದಿದ್ದಳು. ಆಗದ ತಿಂಗಳಲ್ಲೂ ಪದರ ಬೆಳೆಯುತ್ತದೆ ಎಂದು ನಾನು ಹೇಳಿದೆ.

ಆರು ತಿಂಗಳಿಗೆ ಮತ್ತೆ ತುಣುಕು ತೆಗೆದು ನೋಡಿದರು. ಪದರ ಸರಿಹೋಗಿತ್ತು. ಹಿಮೋಗ್ಲೋಬಿನ್ 11.8. ಅಕ್ಕಿ ತಿನ್ನುವ ಆಸೆ ಯಾವಾಗ ಹೋಯಿತೋ ತಿಳಿಯಲಿಲ್ಲ. ಗೆಡ್ಡೆ ಹಾಗೆಯೇ ಇದೆ. ವರ್ಷಕ್ಕೊಮ್ಮೆ ಸ್ಕ್ಯಾನಿಂಗ್. ಥೈರಾಯ್ಡ್ ಮಾತ್ರೆ ಬಹುಶಃ ಜೀವಮಾನ ಪೂರ್ತಿ.

ಕಳೆದ ವರ್ಷ ನನ್ನ ಗಿರಾಕಿಯೊಬ್ಬರಿಗೆ ಇದೇ ಹಾವಳಿ ಶುರುವಾಯಿತು. ಅವರಿಗೂ ಒಂದು ಕಡೆ ತೆಗೆಸಿಬಿಡಿ ಅಂದಿದ್ದರು. ನಾನೇ ಜೊತೆಗೆ ಹೋಗಿ ಇನ್ನೊಂದು ಕಡೆ ತೋರಿಸಿದೆ. ಎಲ್ಲ ಪರೀಕ್ಷೆ ಆಯಿತು. ಗೆಡ್ಡೆಗಳು ಹಲವು, ಒಂದು ದೊಡ್ಡದು, ಒಳಗಿನ ಪದರವನ್ನೇ ಒತ್ತಿಕೊಂಡು ಕೂತಿತ್ತು. ಮಾತ್ರೆ ಕೊಟ್ಟು ನೋಡಿದರು, ಹಿಡಿತಕ್ಕೆ ಬರಲಿಲ್ಲ. ಅವರಿಗೆ ತೆಗೆಯಲೇಬೇಕಿತ್ತು. ಅಂಡಾಶಯ ಉಳಿಸಿ ಗರ್ಭಕೋಶ ತೆಗೆದರು. ಯಾಕೆ ತೆಗೆದರು, ಏನು ಉಳಿಸಿದರು ಎಂದು ಅವರಿಗೆ ಗೊತ್ತಿದೆ. ಎರಡು ತಿಂಗಳು ಭಾರ ಎತ್ತಲಿಲ್ಲ. ಈಗ ಚೆನ್ನಾಗಿದ್ದಾರೆ. ಮೊನ್ನೆ ಮಗಳ ಮದುವೆಯ ಬ್ಲೌಸುಗಳನ್ನು ಕೊಟ್ಟು, ಮುಂಗಡ ಕೊಟ್ಟು ಹೋದರು.